ಶುಗರ್ ಸೋಪಿನ ಓಕುಳಿ

ಗೋಡೆಯನ್ನು ತೊಳೆಯುತ್ತಾರೆ ಎಂಬ ಸಂಗತಿ ನನಗೆ ಮದುವೆಯಾಗಿ, ಮಗಳು ಹುಟ್ಟಿ, ಸಮುದ್ರ ದಾಟಿ ಐರ್ಲೆಂಡಿಗೆ ಬಂದು ನೆಲೆಸುವ ತನಕ ತಿಳಿದಿರಲಿಲ್ಲ. ನಾನು ಬೆಳೆದ ದಾವಣಗೆರೆಯ ಮನೆಯಲ್ಲಿ ನೆಲ ತೊಳೆಯುತ್ತಿದ್ದರು, ಹೊಸ್ತಿಲು ತೊಳೆಯುತ್ತಿದ್ದರು, ಹಬ್ಬದ ಬೆಳಗ್ಗೆ ಹಿಡಿದು ಕೂರಿಸಿ ನನ್ನನ್ನೂ ತೊಳೆಯುತ್ತಿದ್ದರು. ಗೋಡೆಯ ತಂಟೆಗೆ ಮಾತ್ರ ಯಾರೂ ಹೋದದ್ದು ನೆನಪಿಲ್ಲ. ಸಣ್ಣ ಕಲೆಯಾದರೆ ಮೇಲೊಂದು ಕ್ಯಾಲೆಂಡರು ತೂಗುಹಾಕುವುದು, ದೊಡ್ಡ ಕಲೆಯಾದರೆ ಸುಣ್ಣ ಹೊಡೆಸುವುದು, ಎರಡರ ನಡುವಿನದಾದರೆ ಅದರ ಮುಂದಕ್ಕೆ ಬೀರು ಸರಿಸುವುದು. ನಮ್ಮ ನಡುಮನೆಯ ಬೀರು ಹೀಗೆ ಕಲೆಯಿಂದ ಕಲೆಗೆ ಪ್ರಯಾಣ ಮಾಡುತ್ತಾ, ನನ್ನ ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಕೋಣೆಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿತ್ತು.

ಇದಕ್ಕಿಂತ ನಾಚಿಕೆಯ ವಿಷಯವೆಂದರೆ, ನಾನು ಹೊಟ್ಟೆ ಹೊರೆಯುತ್ತಿರುವುದೇ ತೊಳೆಯುವ ವಿದ್ಯೆಯಿಂದ. ಕಾರ್ಕ್ ಬಂದರಿನ ಮಗ್ಗುಲಲ್ಲಿರುವ ರಿಂಗಾಸ್ಕಿಡಿಯಲ್ಲಿ ಔಷಧ ಕಾರ್ಖಾನೆಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರಲ್ಲಿ ನನ್ನ ನೌಕರಿ. ಒಂದು ಮದ್ದು ತಯಾರಿಸಿದ ಉಕ್ಕಿನ ಹಂಡೆಯಲ್ಲಿ ಇನ್ನೊಂದನ್ನು ತಯಾರಿಸುವ ಮೊದಲು, ಹಿಂದಿನದರ ಲವಲೇಶವೂ ಒಳಗೆ ಉಳಿದಿಲ್ಲವೆಂದು ಪರೀಕ್ಷಿಸಿ ನಾನು ಸಹಿ ಹಾಕಬೇಕು. ಊರಿಗೆ ಹೋದಾಗ ನನ್ನ ಸೋದರಮಾವನಿಗೆ ಇದನ್ನು ವಿವರಿಸಲು ಹೋದೆ. ಅವರು ಎಲೆ ಅಡಿಕೆ ಅಗಿಯುತ್ತಾ ಸಾವಧಾನವಾಗಿ ಕೇಳಿಸಿಕೊಂಡು, "ಒಟ್ನಲ್ಲಿ ಪಾತ್ರೆ ತೊಳೆಯೋದು ಅನ್ನು" ಎಂದರು.

"ಅಲ್ಲ ಮಾವ, ತೊಳೆಯೋರು ಬೇರೆ ಇರ್ತಾರೆ. ಅವರು ತೊಳೆದಿದ್ದು ಸರಿ ಐತೋ ಇಲ್ವೋ ಅಂತ ನಾನು ನೋಡ್ತೀನಿ."

"ಓ, ಹಂಗಾದ್ರೆ ಅತ್ತೆ ಕೆಲಸ!" ಎಂದು ಅವರು ಎದ್ದು ಹೋದರು. ಎಂಟು ವರ್ಷದ ನನ್ನ ವೃತ್ತಿಜೀವನಕ್ಕೆ ಇದಕ್ಕಿಂತ ನಿಖರವಾದ ಹೆಸರನ್ನು ನನ್ನ ಕಂಪನಿಯೂ ಕೊಟ್ಟಿಲ್ಲ.

ನಾವಿರುವುದು ರಿಂಗಾಸ್ಕಿಡಿಗೆ ಹತ್ತಿರದ ಒಂದು ಪುಟ್ಟ ಊರಿನ ಬಾಡಿಗೆ ಮನೆಯಲ್ಲಿ. ನಾನು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಹೆಂಡತಿ ಸಂಧ್ಯಾ, ಮತ್ತು ಕನ್ನಡದಲ್ಲಿ ಬೈದರೆ ಕಾರ್ಕ್ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಎಂಟು ವರ್ಷದ ಮಗಳು ಇರಾ. ಈ ಕಡೆಯ ಜನ ಪ್ರತಿ ವಾಕ್ಯದ ಬಾಲಕ್ಕೂ ಒಂದು "ಲೈಕ್" ಅಂಟಿಸುತ್ತಾರೆ. ನಮ್ಮ ಮಗಳು ಅದನ್ನು ಅಜ್ಜಿಗೆ ಫೋನಿನಲ್ಲಿ ಹೇಳುವ "ಊಟ ಆಯ್ತು" ಎಂಬುದಕ್ಕೂ ಅಂಟಿಸುತ್ತಾಳೆ. ಮನೆಯ ಒಡತಿ ನೋರೀನ್ ಎಂಬ ವಯಸ್ಸಾದ ಹೆಂಗಸು. ಮಕ್ಕಳನ್ನು ಈ ಮನೆಯಲ್ಲೇ ಸಾಕಿ ಬೆಳೆಸಿ, ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಯ ಪಕ್ಕಕ್ಕೆ ಹೋಗಿ ನೆಲೆಸಿದ್ದಾರೆ. ಬೆನ್ನ ಹಿಂದೆ ನಾವು ಅವರನ್ನು ನೋರೀನಮ್ಮ ಎನ್ನುತ್ತೇವೆ.

ಒಂದು ದಿನ ನೋರೀನಮ್ಮ ಫೋನ್ ಮಾಡಿದರು. ಶನಿವಾರ ಈ ಕಡೆ ಬರುವುದಿದೆಯಂತೆ, ಹಾಗೇ ಮನೆಯೊಳಗೆ ಬಂದು ಏನೋ ಒಂದನ್ನು ನೋಡಿಕೊಂಡು ಹೋಗುತ್ತಾರಂತೆ, ನಮಗೆ ತೊಂದರೆಯಿಲ್ಲ ತಾನೆ? ನಾನು "ಗ್ರ್ಯಾಂಡ್" ಎಂದೆ. ಗ್ರ್ಯಾಂಡ್ ಎಂಬುದು ಇಲ್ಲಿ ಬಲು ಅನುಕೂಲದ ಪದ. ಕೆಲಸ ಸಿಕ್ಕಿದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ಹೇಳಿದವನಿಗೂ ಕೇಳಿದವನಿಗೂ ಏನೂ ತಿಳಿಯದೆ ಮಾತು ಸುಖವಾಗಿ ಮುಗಿಯುತ್ತದೆ.

"ಏನೋ ಒಂದು ಅಂದ್ರೆ ಏನ್ರೀ?" ಎಂದಳು ಸಂಧ್ಯಾ.

"ಕೇಳಲಿಲ್ಲ."

"ಮತ್ತೆ ಇಷ್ಟೊತ್ತು ಏನ್ ಮಾತಾಡಿದ್ರಿ?"

"ಮಳೆ ವಿಷಯ."

ಅವಳ ಮುಖ ಕಪ್ಪಿಟ್ಟಿತು. ಈ ದೇಶದಲ್ಲಿ ಬಾಡಿಗೆ ಮನೆ ಹುಡುಕುವುದೆಂದರೆ ಹೆಣ್ಣಿಗೆ ವರ ಹುಡುಕಿದಂತೆ; ಒಂದೇ ವ್ಯತ್ಯಾಸವೆಂದರೆ ಇಲ್ಲಿ ಒಬ್ಬ ವರನ ಮನೆಯ ಮುಂದೆ ಊರಿನ ಅಷ್ಟೂ ಹೆಣ್ಣಿನ ಕಡೆಯವರು ಛತ್ರಿ ಹಿಡಿದು ಸಾಲು ನಿಂತಿರುತ್ತಾರೆ. ನಮ್ಮ ಸ್ನೇಹಿತ ಪ್ರಶಾಂತನ ಮನೆಯ ಒಡೆಯನೂ ಹೀಗೇ "ಏನೋ ನೋಡ್ಕೊಂಡು ಹೋಗ್ತೀನಿ" ಎಂದು ಬಂದವನು ಆಮೇಲೆ ಮನೆಯನ್ನೇ ಮಾರಿದ. ಪ್ರಶಾಂತ ಈಗ ದೂರದ ಕಿಲ್ಕೆನ್ನಿಯಲ್ಲಿ ಸಿಕ್ಕ ಮನೆ ಹಿಡಿದು, ಅಲ್ಲಿಂದ ದಿನಾ ಕಾರ್ಕಿಗೆ ಕಾರು ಓಡಿಸುತ್ತಾ, ಮಗನನ್ನು ಎಚ್ಚರವಿದ್ದಾಗ ನೋಡುವುದು ಭಾನುವಾರ ಮಾತ್ರ.

"ಮನೆ ಚೊಕ್ಕವಾಗಿಟ್ಕೊಂಡಿದೀವಿ ಅಂತ ಗೊತ್ತಾದ್ರೆ ಬಿಡಿಸೋಕೆ ಮನಸ್ಸು ಬರಲ್ಲ" ಎಂದಳು ಸಂಧ್ಯಾ.

"ಚೊಕ್ಕವಾಗಿದ್ರೆ ಒಳ್ಳೆ ರೇಟು ಬರುತ್ತೆ ಅಂತ ಬೇಗ ಮಾರಿಬಿಟ್ರೆ?" ಎಂದು ನಾನು ವಾದ ಹೂಡಿದೆ. ಗಲೀಜಾಗಿಯೇ ಇಟ್ಟುಕೊಳ್ಳುವುದರ ಪರವಾಗಿ ನನಗೆ ಜೀವನದಲ್ಲಿ ಸಿಕ್ಕ ಏಕೈಕ ವೈಜ್ಞಾನಿಕ ಕಾರಣ ಅದು. ಅವಳು ಹೋಗಿ ಅಡುಗೆಮನೆಯ ಲೈಟು ಹಾಕಿದಳು.

ನಾವಿಬ್ಬರೂ ಆವತ್ತು ಮೊದಲ ಸಲ ಗೋಡೆಗಳನ್ನು ನೋರೀನಮ್ಮನ ಕಣ್ಣಿಂದ ನೋಡಿದೆವು. ಒಲೆಯ ಹಿಂದಿನ ಗೋಡೆಯ ಮೇಲೆ ನಾಲ್ಕು ವರ್ಷದ ಒಗ್ಗರಣೆ ಚಿತ್ತಾರವಾಗಿ ಕೂತಿತ್ತು. ಅದರ ಪಕ್ಕದಲ್ಲಿ, ಒಮ್ಮೆ ಮಿಕ್ಸಿಯ ಮುಚ್ಚಳ ಹಾರಿದಾಗ ಸಿಡಿದ ಅರಿಶಿನದ ಮಸಾಲೆ ನವಿಲುಗರಿ ಬಿಚ್ಚಿದಂತೆ ಹರಡಿತ್ತು. ಮಲಗುವ ಕೋಣೆಯ ಮೂಲೆಯಲ್ಲಿ ಥಂಡಿಗೆ ಬೂಷ್ಟು ಹಿಡಿದು ಕಪ್ಪು ಮೋಡ ಕಟ್ಟಿತ್ತು. ಹೊರಗಿನ ಮಳೆ ಸಾಲದೆಂದು ಒಳಗೂ ಒಂದು ಮೋಡ. ಹಜಾರದಲ್ಲಿ ಇರಾಳ ಸೈಕಲ್ಲಿನ ಹ್ಯಾಂಡಲ್ಲು ಉಜ್ಜಿದ ಉದ್ದನೆಯ ಗೀರು. ಈ ಮನೆಯಲ್ಲಿ ಇಷ್ಟು ದಿನ ಯಾರಿದ್ದರು ಎಂದು ನನಗೇ ಅಸಹ್ಯವಾಯಿತು.

ಮರುದಿನ ಊರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗೋಡೆ ತೊಳೆಯುವ ದ್ರಾವಣಗಳಿಗೆಂದೇ ಒಂದು ಇಡೀ ಕಪಾಟು. ನಿಂಬೆಯದು, ದೇವದಾರುವಿನದು, ಸ್ಪ್ರೇ, ಪುಡಿ, ತಿಳಿ ನೀಲಿ, ಕಡು ನೀಲಿ. ಎಲ್ಲದರ ಮೇಲೂ ಹಲ್ಲು ಬಿಟ್ಟುಕೊಂಡು ನಿಂತ ಹೆಂಗಸಿನ ಚಿತ್ರ. ನಾನು ಪ್ರತಿಯೊಂದರ ಹಿಂದಿನ ಸಣ್ಣಕ್ಷರವನ್ನು ಓದುತ್ತಾ ನಿಂತದ್ದು ನೋಡಿ ಅಂಗಡಿಯವನು ಬಂದು, ಗೋಡೆಯ ಮೇಲೆ ಏನು ಬಿದ್ದಿದೆ ಎಂದು ಕೇಳಿದ. ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಹೊಳೆಯಲಿಲ್ಲ. ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸುತ್ತೇವೆ, ಆಮೇಲೆ ಅದಕ್ಕೆ ಸಾಸಿವೆ ಹಾಕುತ್ತೇವೆ, ಅದು ನಾಲ್ಕೂ ದಿಕ್ಕಿಗೆ ಸಿಡಿಯುತ್ತದೆ ಎಂದು ವಿವರಿಸಿದೆ.

"ಬೇಕಂತಲೇನಾ?" ಎಂದ ಅವನು.

ಹೌದು, ದಿನಾಲೂ, ಎಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಕೆಳಗಿನ ಸಾಲಿನಿಂದ ಒಂದು ಡಬ್ಬಿ ಎತ್ತಿ ಕೊಟ್ಟ. ಅದರ ಹೆಸರು ಶುಗರ್ ಸೋಪ್. ಓದಿ ನೋಡಿದರೆ ಅದರಲ್ಲಿ ಸಕ್ಕರೆಯೂ ಇಲ್ಲ, ಸೋಪೂ ಇದ್ದಂತಿಲ್ಲ. ಒಂದು ಖಾರವಾದ ಕ್ಷಾರದ ಪುಡಿ. ಗೋಡೆ ತೊಳೆಯುವುದಕ್ಕೆ ಐರ್ಲೆಂಡಿನ ಅಜ್ಜಂದಿರು ಮುತ್ತಜ್ಜಂದಿರೆಲ್ಲ ಬಳಸಿದ್ದು ಇದನ್ನೇ ಎಂದು ಅವನು ಆಣೆ ಮಾಡಿದ.

ಮನೆಗೆ ಬಂದರೆ ಸಂಧ್ಯಾ ಬೇರೆಯೇ ಸೇನೆ ಕಟ್ಟಿದ್ದಳು. ಐರ್ಲೆಂಡಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ "ಗೋಡೆ ಕಲೆಗೆ ಏನು ಮಾಡಬೇಕು?" ಎಂದು ಕೇಳಿದ್ದಳು. ಒಂದೊಂದು ಮಾಸ್ಟರ್ಸ್ ಡಿಗ್ರಿ ಇಟ್ಟುಕೊಂಡ ಜನರೆಲ್ಲ ಸಂಜೆಯೊಳಗೆ ಹೊಡೆದಾಟಕ್ಕೆ ಬಿದ್ದಿದ್ದರು. ಬಿಳಿ ವಿನಿಗರ್ ಎಂದು ಒಬ್ಬರು, ಅಡುಗೆ ಸೋಡಾ ಎಂದು ಇನ್ನೊಬ್ಬರು, ಎರಡನ್ನೂ ಬೆರೆಸಿ ನೊರೆ ಬರಿಸಿ ಎಂದು ಮತ್ತೊಬ್ಬರು. ಹಾಗೆ ಬೆರೆಸಿದರೆ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪು ನೀರು ಎಂದು ನಾನು ಬರೆದೆ, ಯಾರೂ ಗಮನಿಸಲಿಲ್ಲ. ಒಬ್ಬಾತ ಟೂತ್‌ಪೇಸ್ಟ್ ಎಂದ. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿ ಸ್ವಂತ ಮನೆ ಕೊಂಡಿರುವ ಮಹನೀಯರೊಬ್ಬರು, ತಮ್ಮ ಗೋಡೆಗಳಿಗೆ ತೊಳೆಯಬಹುದಾದ ದುಬಾರಿ ಪೇಂಟ್ ಹೊಡೆಸಿರುವುದನ್ನು ಫೋಟೋ ಸಮೇತ ತಿಳಿಸಿ ಎಲ್ಲರ ಬಾಯಿ ಮುಚ್ಚಿಸಿದರು. ಸಂಧ್ಯಾ ವಿನಿಗರನ್ನೂ, ಬೂಷ್ಟಿಗೆಂದು ಬ್ಲೀಚಿನ ಸ್ಪ್ರೇಯನ್ನೂ ತಂದಿದ್ದಳು. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಇದು ಹಿಡಿದು, "ಎರಡೂ ಒಂದೇ ಬಕೆಟ್ಟಿಗೆ ಹಾಕಿದ್ರೆ ಬೇಗ ಆಗಲ್ವಾ?" ಎಂದಳು.

ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಅವೆರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ, ಮನೆ ಖಾಲಿ ಮಾಡಿಸುವ ತೊಂದರೆ ನೋರೀನಮ್ಮನಿಗೆ ತಪ್ಪುತ್ತದೆ ಎಂದು ವಿವರಿಸಿದೆ. ನನ್ನ ರಸಾಯನಶಾಸ್ತ್ರದ ಎಂಎಸ್ಸಿ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಆ ಹೆಮ್ಮೆ ತಲೆಗೇರಿ, "ಇನ್ಮೇಲೆ ಯಾವುದಕ್ಕೆ ಯಾವುದು ಅಂತ ನಾನು ಹೇಳ್ತೀನಿ, ನೀನು ಪಕ್ಕದಲ್ಲಿ ನಿಂತ್ಕೊ" ಎಂದುಬಿಟ್ಟೆ.

ಅವಳು ನಿಂತುಕೊಂಡಳು. ಕೈ ಕಟ್ಟಿಕೊಂಡು, ಚೆನ್ನಾಗಿ ಕಾಣುವ ಜಾಗ ನೋಡಿ ನಿಂತುಕೊಂಡಳು.

ಕಾರ್ಖಾನೆಯಲ್ಲಿ ಮಾಡುವ ಹಾಗೇ ಗೌನು, ಕನ್ನಡಕ, ಕೈಗವಸು ಹಾಕಿಕೊಂಡೆ. ಶುಗರ್ ಸೋಪನ್ನು ಬಿಸಿನೀರಿನಲ್ಲಿ ಅಳತೆಯ ಪ್ರಕಾರ ಕರಗಿಸಿದೆ. ಒಲೆಯ ಹಿಂದಿನ ಜಿಡ್ಡಿನ ಮೇಲೆ ಸ್ಪಾಂಜು ಒತ್ತಿ ಎಳೆದರೆ, ಕಂದು ನೀರು ಇಳಿದು ಕೆಳಗಿನಿಂದ ಬೆಣ್ಣೆ ಬಣ್ಣದ ಗೋಡೆ ಇಣುಕಿತು. ನಮ್ಮ ಗೋಡೆ ಬೂದು ಬಣ್ಣದ್ದೆಂದೇ ನಾವು ನಂಬಿದ್ದೆವು. "ನೋಡಿದ್ಯಾ?" ಎಂದು ಸಂಧ್ಯಾಳ ಕಡೆ ತಿರುಗಿ, ಅದೇ ಜೋರಿನಲ್ಲಿ ಸ್ಪಾಂಜನ್ನು ಅರಿಶಿನದ ನವಿಲುಗರಿಯ ಮೇಲೆ ಹಾಯಿಸಿದೆ.

ಗೋಡೆ ಕೆಂಪಾಯಿತು. ತಿಳಿಗೆಂಪಲ್ಲ, ಕೋಳಿ ಕೊಯ್ದಂತಹ ಕೆಂಪು. ಒಲೆಯಿಂದ ಹಿಡಿದು ಕಿಟಕಿಯ ತನಕ ಅದು ಹರಿದು ಧಾರೆಯಾಗಿ ಇಳಿಯಿತು. ಹಾಲು ಕುಡಿಯಲು ಬಂದ ಇರಾ ಬಾಗಿಲಲ್ಲೇ ನಿಂತು, "ಅಪ್ಪಾ, ಇಟ್ಸ್ ಬ್ಲೀಡಿಂಗ್, ಲೈಕ್!" ಎಂದಳು.

ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆ, ಕ್ಷಾರ ಯಾವುದಾದರೂ ಅಷ್ಟೆ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ. ಕಾಲೇಜು ಬೇಡ, ನನ್ನ ಮದುವೆಯಲ್ಲಿ, ನಾಮಕರಣದಲ್ಲಿ, ಹೊಸ ಸ್ಕೂಟರ್ ಬಂದಾಗ, ತಟ್ಟೆ ತುಂಬಾ ಆ ಓಕುಳಿಯ ನೀರನ್ನು ನನ್ನ ಮುಂದೆ ಎಷ್ಟು ಸಲ ಆರತಿ ಎತ್ತಿದ್ದಾರೋ ಲೆಕ್ಕವಿಲ್ಲ. ಸಂಧ್ಯಾ ಕಟ್ಟಿದ ಕೈ ಬಿಡಿಸದೆಯೇ, "ಆರತಿ ಆಯ್ತಲ್ಲ, ಗೋಡೇನ ಬಲಗಾಲಿಟ್ಟು ಒಳಗೆ ಬಾ ಅನ್ನಿ" ಎಂದಳು.

ಕ್ಷಾರಕ್ಕೆ ಆಮ್ಲ ಮದ್ದು. ಅಂದರೆ ನಾನು ತಳ್ಳಿಹಾಕಿದ್ದ ಅವಳ ವಿನಿಗರ್. ಬೇರೆ ದಾರಿಯಿಲ್ಲದೆ ಕೈಚಾಚಿದೆ. ಅವಳು ಬಾಟಲಿಯನ್ನು ಪ್ರಸಾದ ಕೊಟ್ಟಂತೆ ಕೊಟ್ಟಳು. ಸಿಂಪಡಿಸಿದ ಕೂಡಲೇ ಕೆಂಪು ಹೋಗಿ ಹಳದಿ ವಾಪಸ್ಸು ಬಂತು. ಮೊದಲು ಅಂಗೈಯಗಲ ಇದ್ದದ್ದು ಈಗ ಚಾಪೆಯಗಲ ಇತ್ತು, ಅಷ್ಟೇ ವ್ಯತ್ಯಾಸ. ವಿನಿಗರೆಲ್ಲ ಹೋಗುವ ತನಕ ಬರೀ ನೀರಿನಲ್ಲಿ ತೊಳೆದು ತೊಳೆದು, ಒಣಗಿಸಿ, ಆಮೇಲೆ ಕಿಟಕಿಗಳನ್ನೆಲ್ಲ ತೆರೆದು ಬ್ಲೀಚಿನ ಸ್ಪ್ರೇ ಹೊಡೆದದ್ದಕ್ಕೆ ಅರಿಶಿನ ಕೊನೆಗೂ ಮಾಯವಾಯಿತು. ಆದರೆ ಆ ಜಾಗ ಎಷ್ಟು ಬೆಳ್ಳಗಾಯಿತೆಂದರೆ ಪಕ್ಕದ ಗೋಡೆಗಳೆಲ್ಲ ಕಳ್ಳರ ಹಾಗೆ ಕಾಣತೊಡಗಿದವು. ಅವುಗಳನ್ನು ತೊಳೆದರೆ ಹಜಾರ ಕೊಳಕೆನಿಸಿತು, ಹಜಾರ ತೊಳೆದರೆ ಮೆಟ್ಟಿಲು. ಹೀಗೆ ಒಂದು ಗೋಡೆ ಇನ್ನೊಂದರ ಮೇಲೆ ಚಾಡಿ ಹೇಳುತ್ತಾ ನನ್ನನ್ನು ಮಹಡಿಗೆ ಹತ್ತಿಸಿತು.

ಶನಿವಾರದ ಬೆಳಗ್ಗೆ ಇರಾ ಕ್ಯಾಮೋಗಿ ಎಂಬ, ದೊಣ್ಣೆ ಹಿಡಿದು ಹುಡುಗಿಯರು ಆಡುವ ಇಲ್ಲಿಯ ಆಟಕ್ಕೆ ಹೋಗಿದ್ದಳು. ಉಳಿದದ್ದು ಅವಳ ಕೋಣೆಯೊಂದೇ. ನನ್ನ ಕೈಯಲ್ಲಿ ಆಗ ಮ್ಯಾಜಿಕ್ ಸ್ಪಾಂಜ್ ಎಂಬ ಬಿಳಿಯ ಇಟ್ಟಿಗೆಯಂಥ ವಸ್ತುವಿತ್ತು. ಬರೀ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು, ಗೀರು ಗೀಚು ಎಲ್ಲ ನಾಪತ್ತೆ. ಕೋಣೆಯ ಬಾಗಿಲು ಮುಂದಕ್ಕೆಳೆದು ಹಿಂದಿನ ಗೋಡೆಯಲ್ಲಿ ತೂಗುಹಾಕಿದ್ದ ಮಳೆಯಂಗಿಗಳನ್ನು ತೆಗೆದಾಗ, ಅಲ್ಲಿ ಪೆನ್ಸಿಲಿನ ಅಡ್ಡಗೀಟುಗಳು ಕಂಡವು. ಪಕ್ಕದಲ್ಲಿ ಮಾಸಿದ ಎ, ಡಿ ಎಂಬ ಅಕ್ಷರಗಳು, ಕೆಲವು ಅಂಕಿಗಳು. ಇರಾ ಗೋಡೆಯ ಮೇಲೆ ಲೆಕ್ಕ ಮಾಡಿದ್ದಾಳೆ ಎಂದುಕೊಂಡೆ. ನನ್ನ ತಲೆಗಿಂತ ಮೇಲೂ ಗೀಟುಗಳಿದ್ದವು, ಅವೆಲ್ಲ ಡಿ. ಕುರ್ಚಿ ಹತ್ತಿ ಲೆಕ್ಕ ಮಾಡಿದ್ದಾಳೆ ಎಂದುಕೊಂಡೆ. ವಿಜ್ಞಾನ ಓದಿದವನಿಗೆ ಎಲ್ಲದಕ್ಕೂ ಒಂದು ವಿವರಣೆ ಸಿಕ್ಕೇ ಸಿಗುತ್ತದೆ. ಇಡೀ ಮನೆಯಲ್ಲಿ ಇಷ್ಟು ಸಲೀಸಾಗಿ ಹೋದ ಕಲೆ ಇನ್ನೊಂದಿರಲಿಲ್ಲ.

ನೋರೀನಮ್ಮ ಹೇಳಿದ ಹೊತ್ತಿಗೇ ಬಂದರು. ಕೈಯಲ್ಲಿ ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಮೈಮೇಲೆ ಒದ್ದೆ ಕೋಟು. ಟೀ ಬೇಡ ಎಂದರು, ಬೇಡವೇ ಬೇಡ ಎಂದರು, ಸರಿ ನೀವು ಮಾಡುವುದಾದರೆ ಅರ್ಧ ಕಪ್ ಎಂದರು. ಈ ವಿಷಯದಲ್ಲಿ ಅವರು ಅಪ್ಪಟ ದಾವಣಗೆರೆಯವರು. ಅಡುಗೆಮನೆಯಲ್ಲೇ ಕೂತು ಟೀ ಕುಡಿದರೂ ನನ್ನ ಗೋಡೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ನಾನು ಎರಡು ಸಲ ಗೋಡೆಗೊರಗಿ ನಿಂತೆ, ಕೈಯಾಡಿಸಿ ಧೂಳಿದೆಯೇ ಎಂದು ನೋಡಿದಂತೆ ಮಾಡಿದೆ. ಅವರು ಮೂಗನ್ನು ಸ್ವಲ್ಪ ಅರಳಿಸಿ, "ಈಜುಕೊಳದ ವಾಸನೆ ಬರ್ತಿದೆಯಲ್ಲ?" ಎಂದರು. ಆಮೇಲೆ ಎದ್ದು, "ಮೇಲಿನ ಸಣ್ಣ ರೂಮು ನೋಡಬಹುದಾ, ಲವ್?" ಎಂದು, ಇಲ್ಲಿನ ಹಿರಿಯರು ಅಕ್ಕರೆಯಿಂದ ಕರೆಯುವ ಹಾಗೆ ಕರೆದು ಸಂಧ್ಯಾಳನ್ನು ಕೇಳಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ನೇರವಾಗಿ ಇರಾಳ ಕೋಣೆಗೆ ಹೋಗಿ, ಬಾಗಿಲನ್ನು ಮುಂದಕ್ಕೆಳೆದು, ಹಿಂದೆ ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ಒರೆಸಿ ನೋಡಿದರು. ಗೋಡೆ ಹಾಲಿನಂತೆ ಹೊಳೆಯುತ್ತಿತ್ತು.

"ಇಲ್ಲೇ ಇತ್ತಲ್ಲ" ಎಂದರು ಮೆಲ್ಲಗೆ. "ಮಕ್ಕಳ ಎತ್ತರ ಗುರುತು ಹಾಕ್ತಿದ್ದೆ. ಪ್ರತಿ ಹುಟ್ಟುಹಬ್ಬಕ್ಕೂ. ನನ್ನ ಮಗಳು ಈಫಾ ಈಗ ಬಸುರಿ, ಅದರ ಫೋಟೋ ಬೇಕು ಅಮ್ಮ ಅಂತ ಕೇಳಿದಳು."

ಈಫಾ ಎಂಬ ಹೆಸರನ್ನು ಇಲ್ಲಿ ಎ ಅಕ್ಷರದಿಂದ ಬರೆಯುತ್ತಾರೆಂದು ನನಗೆ ಆಗ ನೆನಪಾಯಿತು. ಸಂಧ್ಯಾ ನನ್ನ ಮುಖ ನೋಡಿದಳು. ನಾನು ಮರೆತುಹೋಗಿದ್ದ ಮ್ಯಾಜಿಕ್ ಸ್ಪಾಂಜು ಅಲ್ಲೇ ಕಿಟಕಿಯ ಹಲಗೆಯ ಮೇಲಿತ್ತು. ಅದನ್ನೆತ್ತಿ ಬೆನ್ನ ಹಿಂದೆ ಬಚ್ಚಿಡಲು ಹೋದೆ. ಅದರಿಂದ ನೀರು ತೊಟ್ಟಿಕ್ಕುವ ಸದ್ದಿಗೆ ನೋರೀನಮ್ಮ ತಿರುಗಿದರು. ಮಗಳ ಗೀಚು ಎಂದುಕೊಂಡೆ, ನೀವು ಮನೆ ನೋಡಲು ಬರುತ್ತೀರೆಂದು ಎಲ್ಲ ತೊಳೆದೆ, ಕ್ಷಮಿಸಿ, ಎಂದು ತೊದಲಿದೆ. ಅವರು ಇರಾಳ ಮಂಚದ ತುದಿಯಲ್ಲಿ ಕುಳಿತು, "ಗ್ರ್ಯಾಂಡ್, ಗ್ರ್ಯಾಂಡ್" ಎಂದರು. ಆ ಪದಕ್ಕೆ ನಿಜವಾಗಿ ಅರ್ಥವಿದೆಯೆಂದು ಆಗ ತಿಳಿಯಿತು. ಅಳು ಬಂದಾಗಲೂ ಅದನ್ನೇ ಹೇಳುತ್ತಾರೆ.

ಅಷ್ಟು ಹೊತ್ತಿಗೆ ಇರಾ ಮೈಯೆಲ್ಲ ಕೆಸರು ಮಾಡಿಕೊಂಡು ಆಟದಿಂದ ಬಂದಳು. ಸಂಧ್ಯಾ ಅವಳನ್ನು ಗೋಡೆಯಿಂದ ದೂರ ಹಿಡಿದು ನಿಲ್ಲಿಸಿ, ಇನ್ನು ಹೋಗುವುದೇನಿದೆ ಎಂಬ ಧೈರ್ಯದಲ್ಲಿ ನೇರವಾಗಿ ಕೇಳಿಬಿಟ್ಟಳು, ನೀವು ಮನೆ ಮಾರುತ್ತೀರಾ ಎಂದು.

ನೋರೀನಮ್ಮ ಮೂಗೊರೆಸಿಕೊಂಡರು. "ಮಾರು ಮಾರು ಅಂತ ಆಸ್ಟ್ರೇಲಿಯಾದಿಂದ ಫೋನ್ ಮಾಡೋನು ನನ್ನ ಮಗ ಡೆಕ್ಲಾನ್. ಫೋನ್ ಮಾಡೋದೇ ಅದಕ್ಕೆ. ಈಫಾ ದಿನಾ ಮಾಡ್ತಾಳೆ, ಸುಮ್ಮನೆ." ಖಾಲಿ ಗೋಡೆಯ ಕಡೆ ತಿರುಗಿದರು. ಅವರ ಮುಖದಲ್ಲಿ ಏನೋ ಒಂದು ತುಂಟತನ ಸುಳಿದಂತಾಯಿತು. "ಒಂದು ಪೆನ್ಸಿಲ್ ಇದೆಯಾ, ಲವ್?"

ಇರಾಳ ಪೆನ್ಸಿಲ್ ಹಿಡಿದು ಎದ್ದರು. ಸಂಧ್ಯಾ ಅವರ ಮೊಣಕೈ ಹಿಡಿದುಕೊಂಡಳು. ಮೊದಲು ಎರಡು ವರ್ಷದ ಈಫಾ, ಆಮೇಲೆ ನಾಲ್ಕು ವರ್ಷದ್ದು. ಒಂದೊಂದು ಗೀಟಿಗೂ ಒಂದೊಂದು ಹುಟ್ಟುಹಬ್ಬದ ಕತೆ. ಈಫಾ ನೋಡನೋಡುತ್ತಿದ್ದಂತೆ ಬೆಳೆದಳು. ಡೆಕ್ಲಾನ್ ಮಾತ್ರ ಏಳನೇ ವಯಸ್ಸಿಗೆ ಏಕೋ ನಿಂತೇಬಿಟ್ಟ. ಹದಿನೈದಕ್ಕೆ ಬಂದಾಗ ಪೆನ್ಸಿಲ್ ಮೇಲಕ್ಕೆ ಹೋಯಿತು, ತಡೆಯಿತು, ಎರಡು ಬೆರಳು ಕೆಳಗಿಳಿಯಿತು. "ಕ್ರಿಸ್‌ಮಸ್ಸಿಗೂ ಬರಲಿಲ್ಲ. ಇಲ್ಲಿಗೆ ಸಾಕು" ಎಂದು ಗೀಟೆಳೆದರು.

ನಾನು ಅಳಿಸಿದ ಗೀಟುಗಳು ನನಗೆ ನೆನಪಿದ್ದವು. ಡೆಕ್ಲಾನ್ ನನ್ನ ತಲೆಗಿಂತ ಒಂದು ಗೇಣು ಮೇಲಿದ್ದ. ಕಾರ್ಖಾನೆಯಲ್ಲಿ ಯಾರಾದರೂ ನೆನಪಿನಿಂದ ಒಂದಂಕಿಯನ್ನು ಬರೆದರೂ ನಾನು ಹಾರಾಡುತ್ತೇನೆ, ತಿಂಗಳ ಕೆಲಸವನ್ನು ರದ್ದು ಮಾಡಿಸುತ್ತೇನೆ. ಇಲ್ಲಿ ನನ್ನ ಕಣ್ಣೆದುರೇ ಒಬ್ಬ ಯುವಕನನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ ಹಾಕುತ್ತಿದ್ದರು. ನೋರೀನಮ್ಮ ತಿರುಗಿ, "ಸರಿಯಾಗಿದೆ ಅಲ್ವಾ?" ಎಂದರು.

"ಕರೆಕ್ಟಾಗಿದೆ" ಎಂದೆ. ಬೇಕಿದ್ದರೆ ಸಹಿಯನ್ನೂ ಹಾಕುತ್ತಿದ್ದೆ.

"ಹಾಗಾದ್ರೆ ನೀವು ಇರಿ" ಎಂದರು. ಗೋಡೆಯ ವಿಷಯ ಹೇಳಿದರೋ ಮನೆಯ ವಿಷಯ ಹೇಳಿದರೋ ತಿಳಿಯದೆ ನಾನು ಪೆಚ್ಚಾಗಿ ನಿಂತಿದ್ದಾಗ, ಸಂಧ್ಯಾ ಅವರನ್ನು ತಬ್ಬಿಕೊಂಡಳು. ಮನೆಯ ವಿಷಯವೇ ಇರಬೇಕು.

ಈಫಾಳ ಕೊನೆಯ ಒಂದೆರಡು ಗೀಟು ಬಾಕಿಯಿದ್ದವು. ಮೊದಲು ಹನ್ನೆರಡನೇ ಹುಟ್ಟುಹಬ್ಬ. ಅಂದಾಜು ಸಿಗದೆ ನೋರೀನಮ್ಮ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ನೀವು ಬನ್ನಿ, ಬೂಟು ತೆಗೆದು ನೆಟ್ಟಗೆ ನಿಲ್ಲಿ. ಅವಳು ನಿಮ್ಮಷ್ಟೇ ಇದ್ದಳು" ಎಂದರು. ಐದಡಿ ಐದಂಗುಲದ, ವಿವಾಹಿತನಾದ, ಎಂಎಸ್ಸಿ ಪಾಸಾದ ನಾನು ಗೋಡೆಗೆ ಬೆನ್ನು ಕೊಟ್ಟು, ಉಸಿರು ಹಿಡಿದು ನಿಂತೆ. ನೆತ್ತಿಯ ಮೇಲೆ ಪೆನ್ಸಿಲು ಸರ್ರೆಂದಿತು. ಸರಿದು ನೋಡಿದರೆ, ನೋರೀನಮ್ಮ ಆಗಲೇ ಬರೆದಿದ್ದ ಹನ್ನೆರಡನ್ನು ಹೆಬ್ಬೆರಳಿನಿಂದ ತಿಕ್ಕಿ ಅಳಿಸುತ್ತಿದ್ದರು.

"ಇಲ್ಲ ಇಲ್ಲ" ಎಂದರು, "ಇದು ಅವಳ ಹತ್ತನೇ ವರ್ಷದ್ದು."